ಇನ್ನೊಂದು ಕಾಲು ಸುತ್ತು

ಆ ಮನೆಯಲ್ಲಿ ಜಗಳಕ್ಕೇನೂ ಬರ ಇರಲಿಲ್ಲ. ಸೋಪು ಬೇಗ ಕರಗಿತು ಎಂದು, ಚಪ್ಪಲಿ ಅಡ್ಡಡ್ಡ ಬಿದ್ದಿದೆ ಎಂದು, ಗ್ರೀಸಿನ ಕೈಯಲ್ಲೇ ಯಾರೋ ಬಾಗಿಲ ಚಿಲಕ ಮುಟ್ಟಿದ್ದಾರೆ ಎಂದು ಬೆಳಗಾದರೆ ಒಂದು ಕೂಗಾಟ ಆಗಲೇಬೇಕಿತ್ತು. ನಿಜವಾಗಿ ಹೇಳಬೇಕಾದ ಮಾತು ಬಂದಾಗ ಮಾತ್ರ ಎಲ್ಲರ ಬಾಯಿಗೂ ಬೀಗ. "ಇದು ನಿನ್ನ ಕೈಲಿ ಆಗ್ತಿಲ್ಲ" ಎಂದು ಮುಖ ನೋಡಿ ಹೇಳುವುದು ಅವರಿಗೆ ಬರುತ್ತಲೇ ಇರಲಿಲ್ಲ. ಹೇಳುವ ಬದಲು, ಆ ಮನುಷ್ಯ ಅತ್ತ ಹೋದ ಮೇಲೆ ಸದ್ದಿಲ್ಲದೆ ತಾವೇ ಸರಿಮಾಡಿಟ್ಟು ಬರುತ್ತಿದ್ದರು. ಅದನ್ನು ಅವರು ಪ್ರೀತಿ ಎಂದುಕೊಂಡಿದ್ದರು. ಪ್ರೀತಿಯೇ ಇರಬಹುದು, ಇಲ್ಲ ಎನ್ನಲು ನಾನ್ಯಾರು.

ಅಜ್ಜಿಯ ತಟ್ಟೆಗಳನ್ನೇ ತೆಗೆದುಕೊಳ್ಳಿ. ಅಜ್ಜಿಯ ಕಣ್ಣು ಮಂಜಾಗಿ ವರ್ಷಗಳಾಗಿದ್ದವು. ಅಡುಗೆ ಬಿಟ್ಟಳು, ಕಸ ಗುಡಿಸುವುದು ಬಿಟ್ಟಳು, ಊಟದ ಮೇಲೆ ತಟ್ಟೆ ತೊಳೆಯುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಹಿತ್ತಲ ನಲ್ಲಿಯ ಹತ್ತಿರದ ಕಲ್ಲಿನ ಮೇಲೆ ಕೂತು, ಹಾಡು ಗುನುಗುತ್ತ, ತೊಳೆದು ತೊಳೆದು ಇಡುತ್ತಿದ್ದಳು. ಅಂಚಿನಲ್ಲಿ ಅನ್ನದ ಅಗುಳು ಹಾಗೇ ಒಣಗಿರುತ್ತಿತ್ತು. ಅಜ್ಜಿ ಒಳಗೆ ಹೋಗಿ ಮಲಗಿದ ಮೇಲೆ ಸೊಸೆ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ನೀರಿನ ಸದ್ದು ಕೇಳದ ಹಾಗೆ, ಅವೇ ತಟ್ಟೆಗಳನ್ನು ಮತ್ತೆ ತೊಳೆಯುತ್ತಿದ್ದಳು. ವರ್ಷಗಳಿಂದ ಹೀಗೇ ನಡೆದಿತ್ತು.

ಅಜ್ಜಿಯ ಮಗನನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಾರಿನ ಎಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಮನೆಗೆ ಅಂಟಿಕೊಂಡೇ ಗ್ಯಾರೇಜು. ಮುಂದೆ ಬೀದಿಗೆ ಷಟರು, ಬಲಗೋಡೆಯಲ್ಲಿ ಅಡುಗೆಮನೆಯ ಕಿಟಕಿ, ಹಿಂದೆ ಹಿತ್ತಲಿಗೆ ಒಂದು ಚಿಕ್ಕ ಬಾಗಿಲು. ಕಿಟಕಿಯಿಂದ ಕಾಫಿ ಬರುತ್ತಿತ್ತು, ಬೈಗುಳವೂ ಬರುತ್ತಿತ್ತು.

ಹಿಂದಿನ ವರ್ಷ ಮೇಸ್ತ್ರಿಗೆ ಲಕ್ವ ಹೊಡೆಯಿತು. ಬಾಯಿ ಸರಿಹೋಯಿತು, ಕಾಲು ಸರಿಹೋಯಿತು. ಬಲಗೈ ಮಾತ್ರ ಹಠ ಮಾಡಿತು. ಬೆರಳಿಗೆ ಹತ್ತಿ ಸುತ್ತಿದ ಹಾಗಿದೆ ಎನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನನ್ನು ನೋಡಿಕೊಂಡ ನರ್ಸಮ್ಮ ಒಂದು ರಬ್ಬರ್ ಚೆಂಡು ಕೊಟ್ಟು, "ದಿನಾ ಹಿಸುಕಿ ಮೇಸ್ತ್ರಿ, ಕೈ ಎಲ್ಲೂ ಹೋಗಲ್ಲ" ಎಂದಿದ್ದಳು. ಅವನು ಟಿವಿ ನೋಡುತ್ತ ಹಿಸುಕಿದ, ಬೈಸಿಕೊಳ್ಳುತ್ತ ಹಿಸುಕಿದ. ಮಳೆಗಾಲ ಕಳೆಯುವ ಹೊತ್ತಿಗೆ ಕೈ ತಿರುಗಿ ಬಂತು. ಬಂತು ಎಂದು ಅವನು ಹೇಳುತ್ತಿದ್ದ.

ಒಂದು ಸಂಜೆ ಅದೇ ಕೈಯಿಂದ ಕಾಫಿ ಲೋಟ ಜಾರಿ ಬಿತ್ತು. ಎಲ್ಲರೂ ನೋಡಿದರು, ಯಾರೂ ಏನೂ ಅನ್ನಲಿಲ್ಲ. ಮರುದಿನದಿಂದ ಅವನ ಜಾಗಕ್ಕೆ ಹಿಡಿ ಇರುವ ಕಪ್ಪು ಬಂತು. ಇದ್ಯಾಕೆ ಎಂದು ಅವನು ಕೇಳಲಿಲ್ಲ. ಹೆಂಡತಿಯೂ ಹೇಳಲಿಲ್ಲ.

ಗ್ಯಾರೇಜನ್ನು ಮಗ ನಡೆಸುತ್ತಿದ್ದ. ಮಗಳು ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿದ್ದಳು, ಗ್ಯಾರೇಜಿನ ಕೆಲಸವೂ ಅವಳಿಗೆ ಅಪ್ಪನಿಂದ ಬಂದಿತ್ತು. ಮೇಸ್ತ್ರಿ ಷಟರಿನ ಬಳಿ ಕುರ್ಚಿ ಹಾಕಿಕೊಂಡು ಬಂದವರ ಜೊತೆ ಹರಟುತ್ತಿದ್ದ. ಒಂದು ರಾತ್ರಿ ಊಟಕ್ಕೆ ಕೂತಾಗ ಅವನು ಮಾತು ತೆಗೆದ.

"ನರ್ಸಮ್ಮನ ಕಾರು ಬರ್ತಾ ಇದೆ. ಬಿಸಿಯಾಗಿ ಎಂಜಿನ್ ಕೆಟ್ಟಿದೆ, ಪೂರ್ತಿ ಬಿಚ್ಚಿ ಕಟ್ಟಬೇಕು. ನಾನೇ ಕಟ್ತೀನಿ."

"ನಾನಿದ್ದೀನಲ್ಲ ಅಪ್ಪ," ಎಂದ ಮಗ.

"ನೀನಿದ್ದೀಯ. ನಾನೂ ಇದ್ದೀನಲ್ಲ, ಇನ್ನೂ ಹೋಗಿಲ್ಲ."

"ಊಟದ ಹೊತ್ತಲ್ಲಿ ಎಂಥ ಮಾತು ರೀ ಅದು," ಎಂದು ಹೆಂಡತಿ ಸೌಟು ಕುಕ್ಕಿದಳು.

"ಇನ್ಯಾವ ಹೊತ್ತಲ್ಲಿ ಆಡ್ಲಿ? ಬೆಳಗ್ಗೆ ಎಲ್ರೂ ಓಡ್ತೀರ. ಕೇಳಿಸ್ಕೊಳ್ಳಿ. ಈ ಒಂದು ಎಂಜಿನ್ ನನ್ನ ಕೈಲಿ ಕಟ್ತೀನಿ. ಅದು ಸರಿಯಾಗಿ ಓಡಿದ್ರೆ ನಾನು ಕೆಲಸಕ್ಕೆ ವಾಪಸ್. ಓಡದಿದ್ರೆ ಆ ಕುರ್ಚಿನೇ ಗತಿ, ಮತ್ತೆ ನಾನು ಪಾನಾ ಮುಟ್ಟಲ್ಲ. ಆಯ್ತಾ?"

"ನರ್ಸಮ್ಮ ಒಪ್ತಾರಾ?" ಎಂದು ಮಗಳು ಮೆಲ್ಲಗೆ ಕೇಳಿದಳು.

"ಅವಳೇ ಹೇಳಿದ್ದು, ನೀವೇ ಮಾಡಿ ಅಂತ."

"ಅವನು ಮಾಡ್ಲಿ ಬಿಡ್ರೇ," ಎಂದಳು ಅಜ್ಜಿ ಮೂಲೆಯಿಂದ. ಅಜ್ಜಿಯ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆದರೂ ವಿಷಯ ಅಲ್ಲಿಗೆ ತೀರ್ಮಾನವಾಯಿತು.

ಕಾರು ಬಂತು. ಎಂಜಿನ್ನನ್ನು ಇಳಿಸಿ ಗ್ಯಾರೇಜಿನ ನಡುವೆ ಕಬ್ಬಿಣದ ಸ್ಟ್ಯಾಂಡಿಗೆ ಏರಿಸುವುದಕ್ಕೆ ಮಾತ್ರ ಮಗನ ನೆರವು. ಆಮೇಲೆ ಎಲ್ಲ ಮೇಸ್ತ್ರಿಯದೇ. ಮೆಲ್ಲಗೆ ಮಾಡಿದ. ಮೊದಲು ಒಂದು ದಿನಕ್ಕೆ ಮುಗಿಸುತ್ತಿದ್ದ ಕೆಲಸಕ್ಕೆ ಈಗ ವಾರ ಹಿಡಿಯಿತು. ಪಿಸ್ಟನ್ನಿಗೆ ಹೊಸ ರಿಂಗು ಹಾಕಿದ, ಬೇರಿಂಗು ಕೂರಿಸಿದ, ಎಂಜಿನ್ನಿನ ಮೇಲ್ಭಾಗದ ಹೆಡ್ಡನ್ನು ಲೇತಿನ ಅಂಗಡಿಗೆ ಕಳಿಸಿ ಮಟ್ಟ ಮಾಡಿಸಿದ. ಬೋಲ್ಟು ಇಳಿಯುವ ತೂತುಗಳನ್ನು ಒಂದೊಂದಾಗಿ ಬಟ್ಟೆ ತೂರಿಸಿ ಒಣಗಿಸಿದ. ತಳದಲ್ಲಿ ಒಂದು ಹನಿ ನೀರೋ ಎಣ್ಣೆಯೋ ನಿಂತಿದ್ದರೆ ಬೋಲ್ಟು ಅದನ್ನು ಒತ್ತಿ ಹೆಡ್ಡಿನ ಕೆಳಗಿನ ಬ್ಲಾಕನ್ನೇ ಸೀಳುತ್ತದೆ.

ಮಗಳು ಅಂಗಡಿಯಿಂದ ಹೆಡ್ಡಿಗೂ ಬ್ಲಾಕಿಗೂ ನಡುವೆ ಹಾಸುವ ಹೊಸ ಗ್ಯಾಸ್ಕೆಟ್ಟನ್ನೂ ಹೊಸ ಹೆಡ್ ಬೋಲ್ಟುಗಳನ್ನೂ ತಂದಳು.

"ಹಳೇವೇ ಗಟ್ಟಿಮುಟ್ಟಾಗಿವೆಯಲ್ಲ, ಅವನ್ನೇ ಹಾಕೋಕಾಗಲ್ವಾ?" ಎಂದು ಕಿಟಕಿಯಿಂದ ಹೆಂಡತಿ ಕೇಳಿದಳು.

"ಬಾ ಇಲ್ಲಿ, ತೋರಿಸ್ತೀನಿ." ಮೇಸ್ತ್ರಿ ಒಂದು ಹಳೆಯ ಬೋಲ್ಟನ್ನೂ ಒಂದು ಹೊಸದನ್ನೂ ಹಲಗೆಯ ಮೇಲೆ ಅಕ್ಕಪಕ್ಕ ನಿಲ್ಲಿಸಿದ. ಹಳೆಯದು ಕೂದಲೆಳೆಯಷ್ಟು ಎತ್ತರ. "ಇದು ಹಿಗ್ಗಿದೆ. ಬಿಗಿಯೋದು ಅಂದ್ರೆ ಇದನ್ನ ಹದವಾಗಿ ಎಳೆದು ಬಿಡೋದು ಕಣೆ. ಆ ಎಳೆತದಲ್ಲೇ ಹೆಡ್ಡು ಕೂತಿರುತ್ತೆ. ಒಂದ್ಸಲ ಎಳೆದದ್ದು ಮತ್ತೆ ಎಳೆಯೋಕೆ ಬರಲ್ಲ, ಕೈ ಕೊಡುತ್ತೆ."

"ನಂಗೂ ಹಂಗೇ ಅನ್ಸುತ್ತೆ," ಎಂದು ಅವಳು ಸೊಂಟ ಹಿಡಿದುಕೊಂಡಳು. ಮೇಸ್ತ್ರಿ ನಕ್ಕ. ಆ ಮನೆಯಲ್ಲಿ ಅವನ ನಗು ಕೇಳಿ ಬಹಳ ದಿನವಾಗಿತ್ತು.

ಬಿಗಿಯುವ ದಿನ ಭಾನುವಾರ. ಮಗ, ಮಗಳು ಇಬ್ಬರೂ ಸ್ಟ್ಯಾಂಡಿನ ಹತ್ತಿರ ನಿಂತಿದ್ದರು. ಮೇಸ್ತ್ರಿ ನಡುವಿನ ಬೋಲ್ಟಿನಿಂದ ಶುರುಮಾಡಿ, ಅಡ್ಡಡ್ಡವಾಗಿ ಹೊರಗೆ ಹೊರಗೆ ಹೋದ. ಹಾಸಿಗೆಯ ಮೇಲಿನ ಬಟ್ಟೆಯನ್ನು ನಡುವಿನಿಂದ ಅಂಚಿಗೆ ಸವರುತ್ತಾರಲ್ಲ, ಹಾಗೆ. ಅಂಚಿನಿಂದ ಬಿಗಿದರೆ ನಡುವೆ ಸುಕ್ಕು ಉಳಿಯುತ್ತದೆ. ಮೊದಲನೆಯ ಸಲ ಹಗುರವಾಗಿ, ಎರಡನೆಯ ಸಲ ಬಿಗಿ ಅಳೆಯುವ ಟಾರ್ಕ್ ರೆಂಚು 'ಟಕ್' ಎನ್ನುವವರೆಗೆ. ಅದಾದ ಮೇಲೆ ಪ್ರತಿ ಬೋಲ್ಟಿಗೂ ಕಾಲು ಸುತ್ತು, ಮತ್ತೊಮ್ಮೆ ಕಾಲು ಸುತ್ತು. ಅಷ್ಟೇ. ಅದರ ಮೇಲೆ ಒಂದು ಕೂದಲೂ ಇಲ್ಲ.

ಕಾಲು ಸುತ್ತಿಗೆ ಮೇಸ್ತ್ರಿಯ ಅಳತೆ ಬೇರೆ. ಉದ್ದ ಹಿಡಿಯ ಪಾನಾವನ್ನು ಷಟರಿನ ಕಡೆಗೆ ತೋರುವಂತೆ ಕೂರಿಸುವುದು, ಅಡುಗೆಮನೆ ಕಿಟಕಿಯ ಕಡೆಗೆ ತೋರುವವರೆಗೆ ಎಳೆಯುವುದು. ಆ ಗ್ಯಾರೇಜಿನಲ್ಲಿ ಹೆಡ್ಡು ಕೂತದ್ದೆಲ್ಲ ಷಟರಿನಿಂದ ಕಿಟಕಿಗೆ.

"ಅಪ್ಪ, ತಿರುಗಿಸಿದ್ದಕ್ಕೆ ಒಂದೊಂದು ಚುಕ್ಕೆ ಬಣ್ಣ ಇಡಿ," ಎಂದ ಮಗ. "ಯಾವುದು ಆಯ್ತು, ಎಷ್ಟು ಆಯ್ತು ಅಂತ ಗೊತ್ತಾಗುತ್ತೆ."

"ಯಾರಿಗೆ ಗೊತ್ತಾಗ್ಬೇಕು? ಬಿಗಿಯೋನು ನಾನು. ನಂಗೆ ಗೊತ್ತಿರುತ್ತೆ."

"ಎಲ್ಲಾ ಕಡೆ ಹಾಕ್ತಾರಪ್ಪ."

"ಹಾಕ್ಲಿ. ನಾನು ಆಯ್ತು ಅಂದ್ರೆ ಆಯ್ತು. ಅದಕ್ಕೆ ಬಣ್ಣ ಯಾಕೋ ಬಳೀಬೇಕು?"

ಮೊದಲ ಕಾಲು ಸುತ್ತು ಮುಗಿಯುವ ಹೊತ್ತಿಗೆ ಅವನ ಅಂಗಿ ಒದ್ದೆಯಾಗಿತ್ತು. ಊಟಕ್ಕೆ ಕೂತಾಗ ಬಲಗೈ ನಡುಗುತ್ತಿತ್ತು, ತುತ್ತು ಎರಡು ಸಲ ತಟ್ಟೆಗೇ ಬಿತ್ತು. "ಇನ್ನೊಂದು ಕಾಲು ಸುತ್ತು ಉಳೀತು," ಎಂದ. "ಊಟ ಆದ್ಮೇಲೆ ಮುಗಿಸ್ತೀನಿ." ಊಟವಾದ ಮೇಲೆ ಆರಾಮ ಕುರ್ಚಿಯಲ್ಲಿ ಒರಗಿದ್ದೇ ಬಾಯಿ ತೆರೆದು ನಿದ್ದೆಹೋದ. ಮಗ ಬೇರೆ ಗಿರಾಕಿಯ ಕಾರು ಬಿಟ್ಟುಬರಲು ಹೊರಟ. ಮಗಳು ಗೆಳತಿಯ ಮನೆಗೆ ಹೋದಳು. ಹೆಂಡತಿ ಗಡಗಡ ಎನ್ನುವ ಫ್ಯಾನಿನ ಕೆಳಗೆ ಮಲಗಿದಳು. ಅಜ್ಜಿ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದಳು.

ಸಂಜೆ ಎಲ್ಲರೂ ಸೇರಿದಾಗ ಮೇಸ್ತ್ರಿ ಅದೇ ಕುರ್ಚಿಯಲ್ಲಿ, ಅದೇ ಭಂಗಿಯಲ್ಲಿ, ಬಾಯಿ ತೆರೆದೇ ಇದ್ದ. ಹೆಂಡತಿ ಎಬ್ಬಿಸಿ ಕಾಫಿಯ ಕಪ್ಪು ಕೊಟ್ಟಳು.

"ಹೆಡ್ಡಿನ ಕೆಲಸ ಮುಗೀತು," ಎಂದ ಅವನು ಕಣ್ಣುಜ್ಜಿಕೊಳ್ಳುತ್ತ. "ನಾಳೆ ಉಳಿದದ್ದು."

"ಎಲ್ಲಾ ಆಯ್ತಾ ಅಪ್ಪ?" ಎಂದಳು ಮಗಳು.

"ಆಯ್ತು."

ಮಗ ಗೋಡೆ ನೋಡಿದ, ಮಗಳು ಕಪ್ಪು ನೋಡಿದಳು, ಹೆಂಡತಿ ಒಲೆಯ ಕಡೆ ತಿರುಗಿದಳು. ಮಧ್ಯಾಹ್ನವಿಡೀ ಮಲಗಿದ್ದ ಮನುಷ್ಯ ಬಿಗಿದದ್ದು ಯಾವಾಗ ಎಂದು ಮೂವರಿಗೂ ಒಂದೇ ಅನುಮಾನ. ಕೇಳಿದ್ದರೆ ಹೇಳುತ್ತಿದ್ದ. ಕೇಳುವುದಕ್ಕೆ ನಾಲ್ಕು ಶಬ್ದ ಸಾಕಿತ್ತು. ಆದರೆ ಕೇಳಿದರೆ ಅವನ ತಲೆಯೂ ಹೋಯಿತು ಎಂದು ಬಾಯಿಬಿಟ್ಟು ಹೇಳಿದಂತೆ ಆಗುತ್ತದಲ್ಲ ಎಂದು ಮೂವರೂ ಕಾಫಿ ಕುಡಿದರು.

ಮೇಸ್ತ್ರಿ ಸ್ನಾನಕ್ಕೆ ಹೋದಾಗ ಮಗ ಗ್ಯಾರೇಜಿಗೆ ಬಂದ. ಅಪ್ಪ ಮರೆತ ಕಾಲು ಸುತ್ತನ್ನು ತಾನು ಕೊಟ್ಟುಬಿಡುವುದು, ಅಪ್ಪನಿಗೆ ತಿಳಿಯುವುದೇ ಬೇಡ, ಎಂಜಿನ್ ಸರಿಯಾಗಿ ಓಡಲಿ, ಹೆಸರು ಅವರಿಗೇ ಬರಲಿ. ನಡುವಿನಿಂದ ಹೊರಗೆ, ಒಂದೊಂದಕ್ಕೂ ಷಟರಿನಿಂದ ಕಿಟಕಿಗೆ ಎಳೆದ. ಕಿಟಕಿಯಲ್ಲಿ ಅಮ್ಮ ತರಕಾರಿ ಹೆಚ್ಚುತ್ತ ನಿಂತಿದ್ದಳು. ಕಣ್ಣಿಗೆ ಕಣ್ಣು ಸೇರಿತು. ಅವಳು ತಲೆ ತಗ್ಗಿಸಿ ಹೆಚ್ಚುವುದನ್ನು ಮುಂದುವರಿಸಿದಳು.

ಮರುದಿನ ಬೆಳಗ್ಗೆ, ಅಂಗಡಿಗೆ ಹೊರಡುವ ಮುಂಚೆ, ಮಗಳು ಬಂದಳು. ಅವಳದೂ ಅದೇ ಯೋಚನೆ, ಅದೇ ಪಾನಾ, ಅದೇ ಷಟರು, ಅದೇ ಕಿಟಕಿ. ಆ ಬಗೆಯ ಬೋಲ್ಟಿನ ಸ್ವಭಾವವೇ ಹಾಗೆ: ಒಂದು ಹದ ದಾಟಿದ ಮೇಲೆ ಎಷ್ಟು ಎಳೆದರೂ ಕೈಗೆ ಹೆಚ್ಚುಕಡಿಮೆ ಒಂದೇ ಭಾರ, ಸಾಕು ಎಂದು ಅದು ಹೇಳುವುದಿಲ್ಲ. ಅಮ್ಮ ಅವಳನ್ನೂ ಕಿಟಕಿಯಿಂದ ನೋಡಿದಳು. ಒಬ್ಬರಲ್ಲ, ಇಬ್ಬರು ಬಿಗಿದು ನೋಡಿದರಲ್ಲ ಎಂದು ಅವಳ ಮನಸ್ಸಿಗೆ ಸಮಾಧಾನವೇ ಆಯಿತು.

ಎಂಜಿನ್ ಮೊದಲ ಸಲಕ್ಕೇ ಎದ್ದಿತು. ಮೇಸ್ತ್ರಿ ಬಲಗೈಯನ್ನು ಹೆಡ್ಡಿನ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಮಗುವಿನ ಜ್ವರ ನೋಡುವವನಂತೆ ನಿಂತ. ನರ್ಸಮ್ಮ ಬಂದು ಅವನ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿ, "ನಾನು ಹೇಳ್ಲಿಲ್ವಾ?" ಎಂದಳು. ಅವಳು ಹೋದ ಮೇಲೆ ಅವನು ಗೋಡೆಗೆ ತಿರುಗಿಕೊಂಡು ಮೂಗು ಒರೆಸಿಕೊಂಡ.

ಆಮೇಲಿನ ವಾರಗಳು ಚೆನ್ನಾಗಿದ್ದವು. ಷಟರಿನ ಬಳಿಯ ಕುರ್ಚಿ ಅಟ್ಟ ಸೇರಿತು. "ಈ ಕಪ್ಪು ಯಾರಿಗೆ ಬೇಕು? ನನ್ನ ಲೋಟ ಕೊಡೇ," ಎಂದು ಅವನೇ ಕೇಳಿದ. ಲೋಟ ಬಂತು, ಬೀಳಲಿಲ್ಲ. ಗ್ರೀಸಿನ ಕೈಯಲ್ಲಿ ಚಿಲಕ ಮುಟ್ಟಿದ್ದಕ್ಕೆ ಹೆಂಡತಿ ಬೈದಳು. ಬೈಯುತ್ತಲೇ ಅವಳ ಕಣ್ಣು ತುಂಬಿತು.

ನರ್ಸಮ್ಮನ ಕಾರು ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂದಾಗ ಮೇಸ್ತ್ರಿ ಇನ್ನೊಂದು ಎಂಜಿನ್ನಿನ ಕೆಳಗಿದ್ದ. ಬಾನೆಟ್ಟಿನಿಂದ ಹಬೆ ಏಳುತ್ತಿತ್ತು. ಎಣ್ಣೆಗೆ ನೀರು ಸೇರಿ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಅವನು ಮೇಲಿನ ಮುಚ್ಚಳ ತೆಗೆಸಿದ, ಹೊರಗಿನಿಂದ ಒಳಗೆ ಬೋಲ್ಟು ಸಡಿಲಿಸುತ್ತ ಬಂದ. ಮೂಲೆಯ ಒಂದು ಬೋಲ್ಟು ಬೆರಳಲ್ಲೇ ತಿರುಗಿತು. ಹೊರಗೆ ತೆಗೆದರೆ ಬೋಲ್ಟನ್ನು ಹಿಡಿದಿಡುವ ಬ್ಲಾಕಿನ ಒಳಗಿನ ಥ್ರೆಡ್ಡೇ ಕಿತ್ತು ತಂತಿಯ ಹಾಗೆ ಅದಕ್ಕೆ ಸುತ್ತಿಕೊಂಡು ಬಂತು.

ಮೇಸ್ತ್ರಿ ಆ ಬೋಲ್ಟನ್ನು ನೋಡಲಿಲ್ಲ. ತನ್ನ ಬಲಗೈ ನೋಡಿಕೊಂಡ.

"ತಪ್ಪು ನಂದು ನರ್ಸಮ್ಮ," ಎಂದ. "ಎಷ್ಟು ಎಳೆದೆ ಅಂತ ಈ ಕೈಗೆ ಗೊತ್ತಾಗಿಲ್ಲ."

"ಇರ್ಲಿ ಬಿಡಿ ಮೇಸ್ತ್ರಿ, ಯಂತ್ರ ಅಂದ್ಮೇಲೆ..."

"ಯಂತ್ರದ್ದೇನೂ ಇಲ್ಲಮ್ಮ."

ಪಾನಾ ತೊಳೆದು, ಒರೆಸಿ, ಪೆಟ್ಟಿಗೆಗೆ ಹಾಕಿ, ಪೆಟ್ಟಿಗೆಯನ್ನು ಒಯ್ದು ಮಗನ ಮಂಚದ ಮೇಲಿಟ್ಟ. ಅಂದಿನಿಂದ ಊಟ ಎಡಗೈಯಲ್ಲಿ, ಚಮಚದಲ್ಲಿ. ಹಿಡಿ ಇರುವ ಕಪ್ಪನ್ನು ಅವನೇ ಹುಡುಕಿ ತೆಗೆದುಕೊಂಡ. ಅಂಗಿಯ ಗುಂಡಿ ಹಾಕಲು ಹೆಂಡತಿಯ ಮುಂದೆ ಎದೆಯೊಡ್ಡಿ ನಿಂತ. ಚೆನ್ನಾಗಿದ್ದ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ದಿನವಿಡೀ ಒಳಕೋಣೆಯಲ್ಲಿ ಕೂರುತ್ತಿದ್ದ. ಮಗ ಒಂದೆರಡು ಸಲ ಬಾಗಿಲವರೆಗೆ ಹೋಗಿ ನಾಲಿಗೆ ಕಚ್ಚಿಕೊಂಡು ಬಂದ. ಬಾಯಿಬಿಟ್ಟದ್ದು ಮಗಳು, ಅದೂ ಅಣ್ಣನ ಹತ್ತಿರ, ಎರಡು ವಾರದ ಮೇಲೆ ಇಬ್ಬರೂ ಸೇರಿ ಹೆಡ್ಡು ಎತ್ತುವಾಗ.

"ಅಣ್ಣಾ, ಬೈಬೇಡ. ಅವತ್ತು ಅಪ್ಪ ಕೊನೇ ಕಾಲು ಸುತ್ತು ಮರೆತಿದ್ರಲ್ಲ. ಸೋಮವಾರ ಬೆಳಗ್ಗೆ ನಾನು ಬಂದು ಎಳೆದಿದ್ದೆ."

ಅವನು ಹೆಡ್ಡನ್ನು ಹಲಗೆಯ ಮೇಲೆ ಇಳಿಸಿ ನಿಂತ. "ಏನಂದೆ?"

"ಎಲ್ಲಾದಕ್ಕೂ. ಕಾಲು ಸುತ್ತು."

"ನಾನು ಹಿಂದಿನ ದಿನ ಸಾಯಂಕಾಲವೇ ಎಳೆದಿದ್ದೆ ಕಣೆ!"

"ಹೇಳ್ಬಾರ್ದಿತ್ತಾ?"

"ನೀನು ಹೇಳಿದ್ಯಾ?"

"ಅಪ್ಪನಿಗೆ ಗೊತ್ತಾಗುತ್ತೆ ಅಂತ..."

"ನಂದೂ ಅದೇ."

ಹೇಳಿದರೆ ಅಪ್ಪನನ್ನು ನಂಬಲಿಲ್ಲ ಎಂದಾಗುತ್ತದೆ, ಹೇಳದಿದ್ದರೆ ಅವರು ತಮ್ಮ ಕೈಯನ್ನೇ ನಂಬುವುದಿಲ್ಲ ಎಂದು ಇಬ್ಬರೂ ಪಿಸುಮಾತಿನಲ್ಲೇ ಜಗಳವಾಡಿದರು. ಕೊನೆಗೆ ಆ ರಾತ್ರಿ ಊಟದಲ್ಲಿ ಮಗಳು ಹೇಳಿಯೇಬಿಟ್ಟಳು. ನಿಮ್ಮದು ಒಂದು ಮರೆವು ಅಷ್ಟೆ ಅಪ್ಪ, ಕೆಡಿಸಿದ್ದು ನಾವು, ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಎಳೆದೆವು ಎಂದು ಒಂದೇ ಉಸಿರಿನಲ್ಲಿ ಅಂದಳು.

ಮೇಸ್ತ್ರಿ ಚಮಚ ಕೆಳಗಿಟ್ಟ. "ಮರೆವಾ? ಏನು ಮರೆತೆ ನಾನು?"

"ಕೊನೇ ಕಾಲು ಸುತ್ತು ಅಪ್ಪ. ಊಟ ಆದ್ಮೇಲೆ ಮಾಡ್ತೀನಿ ಅಂದ್ರಿ. ಮಲಗಿಬಿಟ್ರಿ."

"ಮಲಗಿದ್ದೆ. ಎದ್ದು ಹೋಗಿ ಮಾಡಿ ಬಂದು ಮತ್ತೆ ಮಲಗಿದೆ."

ಈಗಲೂ ಎಲ್ಲರ ಮುಖದಲ್ಲಿ ಅದೇ ಅನುಮಾನವನ್ನು ಅವನು ಕಂಡಿರಬೇಕು. ಅಷ್ಟರಲ್ಲಿ ಅಜ್ಜಿ ಮಾತಾಡಿದಳು.

"ಮಾಡಿದ. ನಾನು ತಟ್ಟೆ ತೊಳೀತಿದ್ದೆ. ಹಿತ್ತಲ ಬಾಗಿಲು ತೆರೆದೇ ಇತ್ತು. ಪಾನಾ ಕರ್ ಕರ್ ಅಂತ ವಾಪಸ್ ತಿರುಗೋದು ಕೇಳ್ತಾನೇ ಇತ್ತು. ನಡುನಡುವೆ ಉಸ್ಸಪ್ಪಾ ಅಂತಿದ್ದ. ಆಮೇಲೆ ಅಲ್ಲೇ ನನ್ನ ಪಕ್ಕ ಕೂತು ಕೈ ತೊಳ್ಕೊಂಡ."

"ಅತ್ತೆ, ಮತ್ತೆ ಹೇಳ್ಲೇ ಇಲ್ವಲ್ಲ ನೀವು!"

"ಯಾರು ಕೇಳಿದ್ರು?"

ಮೇಸ್ತ್ರಿ ಎದ್ದ. ಪಾನಾ ಬಿಟ್ಟ ದಿನದಿಂದ ಮೊದಲ ಸಲ ಗ್ಯಾರೇಜಿಗೆ ಹೋಗಿ ದೀಪ ಹಾಕಿದ. ಎಲ್ಲರೂ ಹಿಂದೆಯೇ ಹೋದರು. ಬಿಚ್ಚಿಟ್ಟ ಬೋಲ್ಟುಗಳನ್ನು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ, ಬಲಗೈಯಲ್ಲೇ, ಒಂದೂ ಬೀಳಿಸದೆ. ತುದಿಗೆ ಒಂದು ಹೊಸ ಬೋಲ್ಟು. ಹೊಸದರ ಪಕ್ಕದಲ್ಲಿ ಉಳಿದವೆಲ್ಲ ಎದ್ದು ಕಾಣುವಷ್ಟು ಎತ್ತರ, ನಡುವೆ ಸೊಂಟದ ಹಾಗೆ ಸಪೂರವಾಗಿದ್ದವು. ಆದರೆ ತಲೆಗಳೆಲ್ಲ ಒಂದೇ ಮಟ್ಟ. ಅವನು ಬಾಗಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಡಿದ.

"ಎಲ್ಲಾ ಒಂದೇ ಸಮ," ಎಂದ. "ಕೈ ತಪ್ಪಿದೋನು ಬಿಗಿದಿದ್ರೆ ಒಂದೊಂದು ಒಂದೊಂದು ಥರ ಇರ್ತಿತ್ತು. ಚೆನ್ನಾಗೇ ಎಳೆದಿದ್ದೀರ ಇಬ್ರೂ. ನಿಮ್ಮ ಕೈ ಒಳ್ಳೇದಿದೆ."

ಮಗಳು ಅಳುತ್ತಲೇ ನಕ್ಕಳು. "ನಿಮ್ಮ ಕೈಗೂ ಏನೂ ಆಗಿಲ್ಲ ಅಪ್ಪ! ಸರಿಯಾಗೇ ಇದೆ! ನಾಳೆಯಿಂದ ಬನ್ನಿ."

ಅವನು ಅವಳನ್ನು ನೋಡಿದ. ಆ ನೋಟವನ್ನು ಅವಳು ತಡೆದುಕೊಳ್ಳಲಾರದೆ ಹೋದಳು.

"ಆಯ್ತಾ ಅಂತ ಕೇಳಿದೆ ನೀನು," ಎಂದ. "ಆಯ್ತು ಅಂದೆ ನಾನು."

"ಅಪ್ಪ..."

"ನೆನಪಿದ್ಯಲ್ಲ? ಆಯ್ತು ಅಂದೆ."

ಆಮೇಲೆ ಹೆಂಡತಿಯ ಕಡೆ ತಿರುಗಿದ. "ಕಿಟಕಿಲಿ ನೀನಿರ್ತೀಯ. ನೋಡಿದ್ಯಾ?"

ಅವಳು ಸೆರಗಿನಲ್ಲಿ ಕೈ ಒರೆಸಿದಳು. ಒರೆಸುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ. "ಕಂಡೆ."

"ಇಬ್ರನ್ನೂ?"

"ಬಿಗಿಯಾದಷ್ಟೂ ಒಳ್ಳೇದು ಅಂದ್ಕೊಂಡೆ ರೀ."

ಮೇಸ್ತ್ರಿ ನಗಲು ನೋಡಿದ. ಆಗಲಿಲ್ಲ. "ಕೈ ಹೋಯ್ತು ಅಂತ ಈಗ ಎರಡು ವಾರ ಅತ್ತಿದ್ದೀನಿ ಕಣೆ, ನಿಂಗೆ ಗೊತ್ತಾಗದ ಹಾಗೆ. ಕೈ ಹೋಗಿದ್ರೆ ಹೇಗೋ ತಡ್ಕೊಳ್ತಿದ್ದೆ." ಮುಂದಿನದನ್ನು ಹೇಳದೆ ದೀಪ ಆರಿಸಿ ಒಳಗೆ ಹೋದ. ಊಟ ಅರ್ಧಕ್ಕೇ ನಿಂತಿತು. ಬೋಲ್ಟುಗಳು ಕತ್ತಲಲ್ಲಿ ಸಾಲಾಗಿ ನಿಂತೇ ಇದ್ದವು.

ಅವನು ಕೆಲಸಕ್ಕೆ ಬರಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಬಲಗೈಯಲ್ಲೇ ಉಂಡ, ಲೋಟದಲ್ಲೇ ಕುಡಿದ, ಗುಂಡಿ ತಾನೇ ಹಾಕಿಕೊಂಡ. ಮಗ ಬೇಡಿದ, ಬೈದ, ಒಂದು ದಿನ ಊಟ ಬಿಟ್ಟೂ ನೋಡಿದ. "ಉಣ್ಣೋ, ನಿನ್ನ ಮೇಲೆ ಕೋಪ ಇಲ್ಲ," ಎಂದನೇ ಹೊರತು ಗ್ಯಾರೇಜಿನ ಮೆಟ್ಟಿಲು ಇಳಿಯಲಿಲ್ಲ. ನರ್ಸಮ್ಮ ಒಂದು ಸಂಜೆ ಬಂದು ಕೈ ಹಿಡಿದು ನೋಡಿದಳು.

"ಚೆನ್ನಾಗಿದೆಯಲ್ಲ ಮೇಸ್ತ್ರಿ!"

"ಚೆನ್ನಾಗಿದೆ."

"ಮತ್ತೆ ಕೆಲಸಕ್ಕೆ?"

"ಕೈ ಚೆನ್ನಾಗಿದೆ ಅಂದೆ ಅಷ್ಟೆ. ನಾನು ಬಿಗಿದು ಬಂದ ಮೇಲೆ ಹಿಂದೆ ಯಾರೋ ಬಂದು ಎಳೀತಾರೆ ಅಂತ ಗೊತ್ತಾದ್ಮೇಲೆ, ಬಿಗಿಯೋಕೆ ಆಗಲ್ಲಮ್ಮ. ಪಾನಾ ಹಿಡಿದ್ರೆ ಬೆನ್ನಲ್ಲಿ ಕಣ್ಣು ಬರುತ್ತೆ."

ಬ್ಲಾಕಿಗೆ ಹೊಸ ಥ್ರೆಡ್ಡು ಕೂರಿಸಿ ಲೇತಿನವನು ಕಳಿಸಿಕೊಟ್ಟ. ಮಗಳು ಮತ್ತೆ ಹೊಸ ಬೋಲ್ಟು ತಂದಳು. ಈ ಸಲ ಬಿಗಿಯುವವನು ಮಗ. ಆ ಭಾನುವಾರವೂ ಊಟವಾದ ಮೇಲೆ ಅಜ್ಜಿ ಹಿತ್ತಲಲ್ಲಿ ತಟ್ಟೆ ತೊಳೆದು ಒಳಗೆ ತಂದಿಟ್ಟಳು. ಸೊಸೆ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಅಗುಳು. ಅವಳ ಕೈ ಅಭ್ಯಾಸದಂತೆ ಅದನ್ನು ಬಚ್ಚಿಡಲು ಹೋಯಿತು. ಒಳಕೋಣೆಯಿಂದ ಬಂದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಗಂಡ ನೋಡುತ್ತಿದ್ದ.

"ಅತ್ತೆ," ಎಂದಳು. "ಈ ತಟ್ಟೆ ಸರಿಯಾಗಿ ತೊಳೆದಿಲ್ಲ. ಅಗುಳು ಉಳಿದಿದೆ."

ಅಜ್ಜಿ ಕೈ ಚಾಚಿದಳು. ತಟ್ಟೆಯ ಅಂಚನ್ನು ಬೆರಳಿನಿಂದ ತಡವಿ ನೋಡಿದಳು. "ಹೌದು ನೋಡು," ಎಂದಳು. "ಇಷ್ಟು ವರ್ಷ ನಾನು ಮಲಗಿದ ಮೇಲೆ ನೀನು ನೀರು ಬಿಡೋ ಸದ್ದು ಕೇಳ್ಕೊಂಡೇ ಬಿದ್ದಿರ್ತಿದ್ದೆ. ಕೊಡು, ನಾನೇ ತೊಳೀತೀನಿ." ಅವಳು ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದಳು. ಸೊಸೆ ಒಲೆಯ ಕಟ್ಟೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಗ್ಯಾರೇಜಿನಲ್ಲಿ ಮಗ ಮೊದಲ ಕಾಲು ಸುತ್ತು ಮುಗಿಸಿ, ಪ್ರತಿ ಬೋಲ್ಟಿಗೂ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟ. ಮತ್ತೆ ಪಾನಾ ಹಾಕಿ ಷಟರಿನಿಂದ ಕಿಟಕಿಗೆ ಎಳೆದು ಇನ್ನೊಂದು ಚುಕ್ಕೆ ಇಟ್ಟ. ಒಂದೊಂದು ಸಲ ಎಳೆದಾಗಲೂ ಹಿಡಿ ಅಪ್ಪ ಕೂತ ಕಡೆಗೇ ಬಂದು ನಿಲ್ಲುತ್ತಿತ್ತು. ಕಿಟಕಿಯ ಸರಳುಗಳ ಆಚೆ ಅಪ್ಪನ ನರೆತ ತಲೆ ಕಾಣುತ್ತಿತ್ತು. ಕೊನೆಯ ಬೋಲ್ಟು ಮುಗಿದ ಮೇಲೆ ಅವನು ಬೆವರು ಒರೆಸಿಕೊಂಡು ಕಿಟಕಿಯ ಹತ್ತಿರ ಬಂದ.

"ಅಪ್ಪ, ಆಯ್ತು. ಒಂದ್ಸಲ ಬಂದು ನೋಡ್ತೀರಾ?"

ಮೇಸ್ತ್ರಿ ತಿರುಗಿದ. ಮಗನ ಮುಖವನ್ನು ನೋಡಿದ. ಆ ನೋಟದಲ್ಲಿ ಕೋಪ ಇರಲಿಲ್ಲ, ಅದೇ ಮಗನನ್ನು ಹೆಚ್ಚು ಸುಟ್ಟಿತು.

"ಆಯ್ತು ಅಂದ್ಯಲ್ಲ?"

"ಹೂಂ ಅಪ್ಪ."

"ಹಾಗಾದ್ರೆ ಆಯ್ತು."